ಅವಳೊಬ್ಬಳಿಗೆ ವಿನಾಯಿತಿ: ಕರಾಳ ಪ್ರಣಯ ಕಾದಂಬರಿಯ ನಾಯಕ

ಇಂಗ್ಲಿಷಿನ ಜನಪ್ರಿಯ ಕಥಾಸಾಹಿತ್ಯದಲ್ಲಿ ‘ಡಾರ್ಕ್ ರೋಮ್ಯಾನ್ಸ್’ ಎಂಬ ಹೆಸರಿನಿಂದ ಪ್ರಚಲಿತವಾಗಿರುವ, ಕನ್ನಡದಲ್ಲಿ ಕರಾಳ ಪ್ರಣಯ ಕಾದಂಬರಿ ಎಂದು ಕರೆಯಬಹುದಾದ ಪ್ರಕಾರವೊಂದು ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಅಪಾರ ಓದುಗರನ್ನು ಗಳಿಸಿಕೊಂಡಿದೆ. ಅಪಹರಣ, ಹೆಣ್ಣೊಬ್ಬಳ ಬೆನ್ನುಬಿದ್ದು ಹೊಂಚುಹಾಕುವುದು, ಭೂಗತ ಲೋಕದ ರಕ್ತಪಾತ, ಸೇಡಿಗಾಗಿ ನಡೆಯುವ ಮದುವೆ ಮುಂತಾದ ಸಂಗತಿಗಳನ್ನು ಒಡಲಲ್ಲಿಟ್ಟುಕೊಂಡೂ ಕೊನೆಗೆ ನಾಯಕ ನಾಯಕಿಯರ ಕೂಡುವಿಕೆಯಲ್ಲಿಯೇ ಮುಗಿಯುವುದು ಈ ಪ್ರಕಾರದ ಮುಖ್ಯ ಲಕ್ಷಣ. ಇದರ ನಡುವೆ ನಿಲ್ಲುವ ಪುರುಷನನ್ನು ಅದರ ಓದುಗರು ‘ಮಾರಲಿ ಗ್ರೇ’ ನಾಯಕ ಎನ್ನುತ್ತಾರೆ. ನೀತಿಯ ದೃಷ್ಟಿಯಿಂದ ಬಿಳುಪೂ ಅಲ್ಲದ ಕಪ್ಪೂ ಅಲ್ಲದ ಬೂದುಬಣ್ಣದವನು ಎಂಬುದು ಅದರ ತಾತ್ಪರ್ಯ, ಕನ್ನಡ ಚಿತ್ರರಂಗದವರು ‘ಗ್ರೇ ಶೇಡ್ ಪಾತ್ರ’ ಎನ್ನುವಾಗ ಮನಸ್ಸಿನಲ್ಲಿಟ್ಟುಕೊಳ್ಳುವುದೂ ಹೆಚ್ಚುಕಡಿಮೆ ಇದನ್ನೇ. ಖಳನಾಯಕ ಕೇಡು ಮಾಡುತ್ತಾನೆ, ಕಥೆ ಅವನನ್ನು ದಂಡಿಸುತ್ತದೆ. ಬೂದುಬಣ್ಣದ ನಾಯಕನಾದರೋ ತಾನು ಮಾಡುವುದು ತಪ್ಪೆಂದು ತಿಳಿದೇ ಮಾಡುತ್ತಾನೆ, ಅದು ತಪ್ಪೆಂದು ಓದುವವರಿಗೂ ಗೊತ್ತಿರುತ್ತದೆ, ಹಾಗಿದ್ದೂ ಪ್ರೀತಿಗೆ ಪಾತ್ರನಾಗುವ ಹಕ್ಕನ್ನು ಕಥೆ ಅವನಿಗೆ ಕೊಟ್ಟಿರುತ್ತದೆ.

ಇತ್ತೀಚಿನ ಕೃತಿಗಳಲ್ಲಿ ಎಚ್. ಡಿ. ಕಾರ್ಲ್‌ಟನ್ ಅವರ ‘ಹಾಂಟಿಂಗ್ ಅಡೆಲಿನ್’ (2021) ಈ ಪ್ರಕಾರಕ್ಕೆ ಬಹಳ ಹೆಸರಾದ ಉದಾಹರಣೆ. ವಯಸ್ಕರಿಗಾಗಿಯೇ ಬರೆದ ಈ ಕಾದಂಬರಿಯಲ್ಲಿ ಲೇಖಕಿಯೊಬ್ಬಳು ಅಜ್ಜಿಯಿಂದ ಬಂದ ಹಳೆಯ ಮಹಲಿನಲ್ಲಿ ವಾಸವಾಗಿರುತ್ತಾಳೆ. ಜೇಡ್ ಎಂಬಾತ ಅವಳನ್ನು ಹಿಂಬಾಲಿಸುತ್ತಾನೆ, ಬೀಗ ಹಾಕಿದ ಮನೆಯೊಳಕ್ಕೆ ನುಸುಳುತ್ತಾನೆ, ತಾನು ಬಂದುಹೋದ ಗುರುತಿಗೆ ಗುಲಾಬಿ ಇಟ್ಟುಹೋಗುತ್ತಾನೆ. ಅದೇ ಮನುಷ್ಯ ಕಂಪ್ಯೂಟರ್ ಜಾಲಗಳನ್ನು ಭೇದಿಸುವ ತನ್ನ ಕೌಶಲದಿಂದ ಹೆಣ್ಣುಮಕ್ಕಳನ್ನೂ ಎಳೆಯರನ್ನೂ ಮಾರುವ ತಂಡಗಳನ್ನು ಹುಡುಕಿ ಸಂಹರಿಸುವವನೂ ಹೌದು. ಓದುಗರು ಯಾವ ಯಾವ ಬಗೆಯ ಹಿಂಸೆಯನ್ನು ಎದುರಿಸಬೇಕಾಗುತ್ತದೆ ಎಂಬ ಎಚ್ಚರಿಕೆಯನ್ನು ಪುಸ್ತಕದ ಮೊದಲಿಗೇ ಅಚ್ಚುಮಾಡಲಾಗಿದೆ. ಅಂದರೆ, ಇಂಥ ಪುಸ್ತಕವನ್ನು ಕೈಗೆತ್ತಿಕೊಳ್ಳುವವರು ಮೋಸಹೋಗಿ ಎತ್ತಿಕೊಳ್ಳುವುದಿಲ್ಲ. ತಿಳಿದೇ, ಆರಿಸಿಯೇ ಎತ್ತಿಕೊಳ್ಳುತ್ತಾರೆ.

ಹಾಗೆ ಆರಿಸಿಕೊಳ್ಳುವವರಲ್ಲಿ ಬಹುಪಾಲು ಹೆಂಗಸರು. ಹೆಣ್ಣಿಗೆ ಒಳಗೊಳಗೆ ಕ್ರೌರ್ಯವೇ ಇಷ್ಟ ಎಂಬ ವಿವರಣೆ ಈ ಕಾರಣದಿಂದ ಬಹುಬೇಗ ಹುಟ್ಟಿಕೊಳ್ಳುತ್ತದೆ, ಅಷ್ಟೇ ಬೇಗ ಹಬ್ಬುತ್ತದೆ. ಪತ್ತೇದಾರಿ ಕಾದಂಬರಿ ಓದುವ ಗಂಡಸಿಗೆ ತಾನು ಕೊಲೆಯಾಗಬೇಕೆಂಬ ಆಸೆಯಿದೆಯೆಂದು ಯಾರೂ ತೀರ್ಮಾನಿಸುವುದಿಲ್ಲ. ಯುದ್ಧದ ಕಥೆ ಓದುವವನನ್ನು ರಕ್ತಪಿಪಾಸುವೆಂದು ಯಾರೂ ಕರೆಯುವುದಿಲ್ಲ. ಪ್ರಣಯ ಕಾದಂಬರಿಯ ಓದುಗಳನ್ನು ಮಾತ್ರ ಕಥೆಗೂ ಬದುಕಿಗೂ ಇರುವ ಅಂತರ ತಿಳಿಯದವಳೆಂದು ಭಾವಿಸುವುದು ಅವಳಿಗೆ ಮಾಡುವ ಅನ್ಯಾಯ. ಆಕರ್ಷಣೆಯ ಮೂಲವನ್ನು ಓದುಗಳ ಸ್ವಭಾವದಲ್ಲಿ ಹುಡುಕುವುದಕ್ಕಿಂತ ಕಥೆಯ ಕಟ್ಟಡದಲ್ಲಿ ಹುಡುಕಿದರೆ ಹೆಚ್ಚು ಫಲ ಸಿಗುತ್ತದೆ, ಏಕೆಂದರೆ ಈ ನಾಯಕ ಸುಮಾರು ಮುನ್ನೂರು ವರ್ಷಗಳ ಕಾದಂಬರಿ ಕಲೆಯ ಕೈಯಲ್ಲಿ ಪಳಗಿ ಬಂದವನು.

ಲಂಡನ್ನಿನ ಮುದ್ರಕ ಸ್ಯಾಮ್ಯುಯೆಲ್ ರಿಚರ್ಡ್‌ಸನ್ 1740ರಲ್ಲಿ ‘ಪಮೆಲಾ’ ಎಂಬ ಕಾದಂಬರಿಯನ್ನು ಪ್ರಕಟಿಸಿದನು. ಮನೆಗೆಲಸದ ಹುಡುಗಿಯ ಮೇಲೆ ಕಣ್ಣುಹಾಕಿದ ಯಜಮಾನ ಅವಳನ್ನು ಮೋಸದಿಂದ ಬೇರೊಂದು ಬಂಗಲೆಗೆ ಸಾಗಿಸಿ ಕೂಡಿಹಾಕುತ್ತಾನೆ, ಅವಳು ಬರೆದಿಟ್ಟ ಕಾಗದಗಳನ್ನು ಓದಿ ಮನಸ್ಸು ಕರಗಿ ಕೊನೆಗೆ ಅವಳನ್ನೇ ಮದುವೆಯಾಗುತ್ತಾನೆ. ಲಂಪಟನೊಬ್ಬ ತಿದ್ದಿಕೊಂಡರೆ ಅವನಿಗಿಂತ ಒಳ್ಳೆಯ ಗಂಡ ಸಿಗಲಾರನೆಂಬ ನಂಬಿಕೆ ಅಂದಿನ ಇಂಗ್ಲೆಂಡಿನಲ್ಲಿ ರೂಢಿಯಲ್ಲಿತ್ತು, ‘ಪಮೆಲಾ’ ಅದಕ್ಕೆ ಒತ್ತಾಸೆಯಾದಂತೆಯೂ ಕಂಡಿತು. ರಿಚರ್ಡ್‌ಸನ್ನನ ಮುಂದಿನ ಕಾದಂಬರಿ ‘ಕ್ಲಾರಿಸಾ’ 1747–48ರಲ್ಲಿ ಏಳು ಸಂಪುಟಗಳಾಗಿ, ಕಂತುಕಂತಾಗಿ ಹೊರಬಂದಾಗ ಆ ನಂಬಿಕೆಯನ್ನು ಮುರಿಯುವುದೇ ಅವನ ಉದ್ದೇಶಗಳಲ್ಲಿ ಒಂದಾಗಿತ್ತು. ಅದರ ಲವ್‌ಲೇಸ್ ಮಾತುಗಾರ, ಚೆಲುವ, ಚುರುಕುಬುದ್ಧಿಯವ. ಕ್ಲಾರಿಸಾಳನ್ನು ಮನೆಯವರಿಂದ ಬಿಡಿಸಿ ಕರೆದೊಯ್ದು, ಸುಳ್ಳಿನ ಬಲೆಯಲ್ಲಿ ಸಿಲುಕಿಸಿ, ಕೊನೆಗೆ ಅಮಲಿನ ಮದ್ದು ಕೊಟ್ಟು ಅತ್ಯಾಚಾರ ಮಾಡುವವನು. ಹೀಗಿದ್ದರೂ ಸಂಪುಟಗಳು ಹೊರಬರುತ್ತಿದ್ದಂತೆ ಓದುಗರು ಲೇಖಕನಿಗೆ ಕಾಗದ ಬರೆದು, ಅವನನ್ನು ತಿದ್ದಿ ಕ್ಲಾರಿಸಾಳೊಂದಿಗೆ ಮದುವೆಮಾಡಿಸಬೇಕೆಂದು ಬೇಡಿಕೊಳ್ಳತೊಡಗಿದರು. ಲೇಡಿ ಬ್ರಾಡ್‌ಶೇ ಎಂಬಾಕೆ ಬೆಲ್ಫರ್ ಎಂಬ ಸುಳ್ಳು ಹೆಸರಿನಲ್ಲಿ ಈ ವಿಷಯವಾಗಿ ಅವನೊಡನೆ ದೀರ್ಘ ಪತ್ರವ್ಯವಹಾರವನ್ನೇ ನಡೆಸಿದಳು. ರಿಚರ್ಡ್‌ಸನ್ ಒಪ್ಪಲಿಲ್ಲ, ಕ್ಲಾರಿಸಾ ಸಾಯುತ್ತಾಳೆ, ಲವ್‌ಲೇಸ್ ದ್ವಂದ್ವಯುದ್ಧದಲ್ಲಿ ಹತನಾಗುತ್ತಾನೆ. ಅಷ್ಟಕ್ಕೇ ಬಿಡದೆ ಮುಂದಿನ ಆವೃತ್ತಿಗಳಲ್ಲಿ ಅವನ ದುಷ್ಟತನವನ್ನು ಎತ್ತಿತೋರಿಸುವ ಅಡಿಟಿಪ್ಪಣಿಗಳನ್ನೂ ಭಾಗಗಳನ್ನೂ ಲೇಖಕ ಸೇರಿಸಿದ.

ಆದರೆ ಓದುಗರ ಒಲವಿಗೆ ಕಾರಣವನ್ನು ರಿಚರ್ಡ್‌ಸನ್ ತನ್ನ ಕೈಯಾರೆ ಒದಗಿಸಿದ್ದನು. ಪತ್ರಗಳ ರೂಪದಲ್ಲಿರುವ ಕಾದಂಬರಿಯಲ್ಲಿ ಲವ್‌ಲೇಸನು ಗೆಳೆಯನಿಗೆ ಬರೆಯುವ ಪತ್ರಗಳಿಗೆ ಹೇರಳ ಸ್ಥಳವಿದೆ, ಆ ಪತ್ರಗಳಲ್ಲಿ ಲವಲವಿಕೆ, ಹಾಸ್ಯ, ಕಳವಳ, ಕ್ಲಾರಿಸಾಳ ಬಗೆಗಿನ ಬೆರಗು ಎಲ್ಲವೂ ಇವೆ. ಯಾರ ಮನಸ್ಸಿನೊಳಗೆ ನೂರಾರು ಪುಟಗಳ ಕಾಲ ವಾಸಮಾಡಿದ್ದೇವೆಯೋ ಅವರನ್ನು ಪೂರ್ತಿ ದ್ವೇಷಿಸುವುದು ಓದುಗರಿಗೆ ಕಷ್ಟ; ಕಾದಂಬರಿ ಎಂಬ ಪ್ರಕಾರದ ಶಕ್ತಿಯೂ ಅಪಾಯವೂ ಅದೇ. ಇಂದಿನ ಕರಾಳ ಪ್ರಣಯ ಕಾದಂಬರಿಗಳಲ್ಲಿ ಒಂದು ಅಧ್ಯಾಯವನ್ನು ನಾಯಕಿಯೂ ಮತ್ತೊಂದನ್ನು ನಾಯಕನೂ ‘ನಾನು’ ಎಂದು ಹೇಳುತ್ತ ಹೋಗುವ ಇಬ್ಬಗೆಯ ನಿರೂಪಣೆ ತೀರ ಸಾಮಾನ್ಯವಾಗಿದೆ. ನಾಯಕಿ ಕತ್ತಲೆಯಲ್ಲಿ ಯಾರೋ ನಿಂತಿದ್ದಾರೆಂದು ನಡುಗುವಾಗ, ಹಿಂದಿನ ಅಧ್ಯಾಯದಲ್ಲಿ ಅವನ ಮನಸ್ಸನ್ನು ಕಂಡುಬಂದ ಓದುಗಳಿಗೆ ಅವನು ಅವಳನ್ನು ಕೊಲ್ಲಲಾರನೆಂಬುದು ಗೊತ್ತಿರುತ್ತದೆ. ಭಯ ನಾಯಕಿಯದು, ತಿಳಿವಳಿಕೆ ಓದುಗಳದು. ಬೆನ್ನುಬಿದ್ದವನನ್ನು ಎದುರಿಸುವ ನಿಜಬದುಕಿನ ಹೆಣ್ಣಿಗೆ ಇಲ್ಲದ ವಸ್ತು ಈ ತಿಳಿವಳಿಕೆಯೊಂದೇ, ಅದನ್ನೇ ಕಾದಂಬರಿ ಓದುಗಳ ಕೈಗೆ ಕೊಡುತ್ತದೆ.

ಕವಿ ಬೈರನ್ನನ ಪ್ರಭಾವವಿಲ್ಲದೆ ಈ ನಾಯಕನ ಚಹರೆ ಪೂರ್ಣವಾಗುತ್ತಿರಲಿಲ್ಲ. ಅವನ ‘ದಿ ಕೊರ್ಸೇರ್’ 1814ರಲ್ಲಿ ಪ್ರಕಟವಾದ ದಿನವೇ 10,000 ಪ್ರತಿಗಳು ಮಾರಾಟವಾದವು. ಅದರ ನಾಯಕ ಕಡಲ್ಗಳ್ಳ, ಜಗತ್ತಿನ ಮೇಲೆಲ್ಲ ಹಗೆ ಸಾಧಿಸುವವನು, ಒಬ್ಬಳನ್ನು ಮಾತ್ರ ಪ್ರೀತಿಸುವವನು. ಗಾಯಗೊಂಡ ಗತಕಾಲ, ಮುಚ್ಚಿಟ್ಟ ಪಾಪ, ಸಮಾಜದ ಬಗ್ಗೆ ತಿರಸ್ಕಾರ, ಒಬ್ಬಳೆದುರು ಮಾತ್ರ ತೆರೆದುಕೊಳ್ಳುವ ಎದೆ ಎಂಬ ಈ ಅಚ್ಚಿನಲ್ಲಿ ಮುಂದೆ ಎಷ್ಟೋ ನಾಯಕರು ಎರಕಗೊಂಡರು. ಆಕರ್ಷಣೆಯ ತಿರುಳು ಇರುವುದು ಈ ‘ಒಬ್ಬಳು’ ಎಂಬುದರಲ್ಲಿ. ಎಲ್ಲರಿಗೂ ಒಳ್ಳೆಯವನಾದವನು ನಾಯಕಿಗೂ ಒಳ್ಳೆಯವನಾದರೆ ಅದರಿಂದ ಅವಳ ವಿಷಯವಾಗಿ ಏನೂ ತಿಳಿಯುವುದಿಲ್ಲ, ಅದು ಅವನ ಗುಣ ಅಷ್ಟೆ. ಲೋಕಕ್ಕೆಲ್ಲ ಕಠೋರನಾದವನು ಅವಳೊಬ್ಬಳಿಗೆ ವಿನಾಯಿತಿ ಕೊಟ್ಟರೆ ಆ ಮೃದುತ್ವ ಅವಳಿಗಾಗಿಯೇ ಹುಟ್ಟಿದ್ದು, ಅವಳಲ್ಲದಿದ್ದರೆ ಹುಟ್ಟುತ್ತಲೇ ಇರಲಿಲ್ಲ ಎಂದಾಗುತ್ತದೆ. ಮನೆಯಲ್ಲಿ, ಕಚೇರಿಯಲ್ಲಿ, ನೆಂಟರಿಷ್ಟರ ನಡುವೆ ಇರುವವರಲ್ಲಿ ಒಬ್ಬಳಾಗಿಯೇ ಎಣಿಸಿಕೊಂಡು ಬಂದ ಹೆಣ್ಣಿಗೆ, ತನ್ನ ಬದಲು ಇನ್ನೊಬ್ಬಳು ಬಂದು ನಿಂತರೂ ನಡೆದೀತು ಎಂಬ ಭಾವನೆಯನ್ನು ನಿತ್ಯ ಅನುಭವಿಸುವವಳಿಗೆ, ಬದಲಿಯೇ ಇಲ್ಲದವಳಾಗುವ ಈ ಕಲ್ಪನೆ ಎಷ್ಟು ಪ್ರಿಯವಾದೀತೆಂಬುದನ್ನು ಹಗುರವಾಗಿ ಕಾಣುವಂತಿಲ್ಲ.

ಷಾರ್ಲಟ್ ಬ್ರಾಂಟೆಯ ‘ಜೇನ್ ಏರ್’ 1847ರಲ್ಲಿ ಪ್ರಕಟವಾಯಿತು, ಈ ವಿನಾಯಿತಿಯ ಲೆಕ್ಕವನ್ನು ಅಷ್ಟು ಕಟ್ಟುನಿಟ್ಟಾಗಿ ನೋಡಿದ ಕೃತಿ ಆಮೇಲೂ ವಿರಳ. ಥಾರ್ನ್‌ಫೀಲ್ಡ್ ಮಹಲಿನ ಒಡೆಯ ರೋಚೆಸ್ಟರ್ ತನ್ನ ಮನೆಯ ಶಿಕ್ಷಕಿ ಜೇನಳ ಮನಸ್ಸನ್ನು ತಿಳಿಯಲು ಕಣಿ ಹೇಳುವ ಅಲೆಮಾರಿ ಹೆಂಗಸಿನ ವೇಷ ಹಾಕುತ್ತಾನೆ, ಅವಳಲ್ಲಿ ಅಸೂಯೆ ಹುಟ್ಟಿಸಲು ಮತ್ತೊಬ್ಬಳನ್ನು ಮದುವೆಯಾಗುವಂತೆ ನಟಿಸುತ್ತಾನೆ, ಮಹಲಿನ ಮೇಲ್ಮಹಡಿಯಲ್ಲಿ ಹುಚ್ಚಿಯೆಂದು ಕೂಡಿಹಾಕಿದ ಹೆಂಡತಿ ಬರ್ತಾ ಬದುಕಿರುವಾಗಲೇ ಜೇನಳನ್ನು ಚರ್ಚಿನ ತನಕ ಕರೆದೊಯ್ಯುತ್ತಾನೆ. ಗುಟ್ಟು ಬಯಲಾದ ಮೇಲೂ ಮದುವೆಯಿಲ್ಲದೆಯೇ ತನ್ನೊಡನೆ ಇರೆಂದು ಗೋಗರೆಯುತ್ತಾನೆ. ಜೇನ್ ಅವನನ್ನು ಪ್ರೀತಿಸುವುದನ್ನು ಬಿಡುವುದಿಲ್ಲ, ಆದರೆ ಅವನನ್ನು ಬಿಟ್ಟುಹೋಗುತ್ತಾಳೆ. ಕೈಯಲ್ಲಿ ಕಾಸಿಲ್ಲದೆ ಬಯಲಿನಲ್ಲಿ ಮಲಗುತ್ತಾಳೆ, ಹಂದಿಗೆ ಹಾಕಲಿದ್ದ ಗಂಜಿಯನ್ನು ಕೇಳಿ ತಿನ್ನುತ್ತಾಳೆ. ಅವಳು ಹಿಂದಿರುಗುವ ಹೊತ್ತಿಗೆ ಪರಿಸ್ಥಿತಿ ಮಗುಚಿಕೊಂಡಿರುತ್ತದೆ. ಚಿಕ್ಕಪ್ಪನಿಂದ ಬಂದ 20,000 ಪೌಂಡುಗಳನ್ನು ಅವಳು ಮೂವರು ಸೋದರಸಂಬಂಧಿಗಳೊಡನೆ ಸಮನಾಗಿ ಹಂಚಿಕೊಂಡು ತನ್ನ ಪಾಲಿನ 5,000ಕ್ಕೆ ಒಡತಿಯಾಗಿದ್ದಾಳೆ. ಅವನೋ ಮಹಲಿಗೆ ಬೆಂಕಿ ಬಿದ್ದಾಗ ಹೆಂಡತಿಯನ್ನು ಉಳಿಸಲು ಹೋಗಿ ಕಣ್ಣನ್ನೂ ಒಂದು ಕೈಯನ್ನೂ ಕಳೆದುಕೊಂಡಿದ್ದಾನೆ. ಆ ನಷ್ಟವನ್ನು ಕೇವಲ ದೈವದ ಶಿಕ್ಷೆಯೆಂದು ಓದಿದರೆ ಸಾಲದು. ಸಂಬಳಕ್ಕಿದ್ದ ಶಿಕ್ಷಕಿ ಯಾರ ಹಂಗೂ ಇಲ್ಲದವಳಾದ ಮೇಲೆ, ಅವನು ಏನೇನು ಮಾಡಿದ್ದನೆಂಬುದು ಒಂದಿಷ್ಟೂ ಉಳಿಯದೆ ತಿಳಿದ ಮೇಲೆ, ಬೇಕಾದರೆ ಬರಬಹುದು, ಬೇಡವಾದರೆ ಬಿಡಬಹುದು ಎಂಬ ಸ್ಥಿತಿ ಒದಗಿದ ಮೇಲೆಯೇ ಬ್ರಾಂಟೆ ಅವಳನ್ನು ಅವನ ಬಳಿಗೆ ಕಳಿಸುತ್ತಾಳೆ. ಮಹಡಿಯ ಮೇಲಿನ ಬರ್ತಾಳ ಪಾಲಿಗೆ ಮಾತ್ರ ಕಾದಂಬರಿಯಲ್ಲಿ ನ್ಯಾಯ ಸಿಗಲಿಲ್ಲ. ಅವಳ ಕಥೆಯನ್ನು ಅವಳ ಕಡೆಯಿಂದ ಹೇಳಲು ಜೀನ್ ರೀಸ್ 1966ರಲ್ಲಿ ‘ವೈಡ್ ಸರ್ಗಾಸೊ ಸೀ’ ಬರೆಯುವ ತನಕ ಕಾಯಬೇಕಾಯಿತು.

ಇಷ್ಟು ಬಿಗಿಯಾದ ಲೆಕ್ಕವಿಲ್ಲದೆಯೂ ಓದುಗರನ್ನು ಪಾಪದಲ್ಲಿ ಪಾಲುಗೊಳ್ಳುವಂತೆ ಮಾಡಬಹುದೆಂಬುದಕ್ಕೆ ಡಾಫ್ನಿ ಡು ಮೊರಿಯೆ ಅವರ ‘ರೆಬೆಕಾ’ (1938) ಸಾಕ್ಷಿ. ಅದರ ಕಥೆ ಹೇಳುವ ಹೆಸರಿಲ್ಲದ ಎಳೆಯ ಹೆಂಡತಿ, ಗಂಡನಾದ ಮ್ಯಾಕ್ಸಿಮ್ ಸತ್ತುಹೋದ ಮೊದಲ ಹೆಂಡತಿ ರೆಬೆಕಾಳನ್ನೇ ಇನ್ನೂ ಪ್ರೀತಿಸುತ್ತಿದ್ದಾನೆಂದು ನಂಬಿ ಕುಗ್ಗಿಹೋಗಿರುತ್ತಾಳೆ. ರೆಬೆಕಾಳನ್ನು ತಾನೇ ಗುಂಡಿಟ್ಟು ಕೊಂದೆನೆಂದು ಅವನು ಒಪ್ಪಿಕೊಂಡಾಗ ಅವಳಿಗೆ ಆಗುವುದು ಭೀತಿಯಲ್ಲ, ಬಿಡುಗಡೆ. ಅವನು ರೆಬೆಕಾಳನ್ನು ಪ್ರೀತಿಸಿರಲೇ ಇಲ್ಲ ಎಂಬ ಒಂದು ಸಂಗತಿ ಅವಳ ಕಿವಿಯಲ್ಲಿ ಕೊಲೆಯ ಸಂಗತಿಯನ್ನು ಮುಳುಗಿಸಿಬಿಡುತ್ತದೆ. ಆ ಪುಟಗಳನ್ನು ಓದುವವರೂ ಅವಳೊಂದಿಗೆ ನೆಮ್ಮದಿಯ ಉಸಿರು ಬಿಡುತ್ತಾರೆ, ಅವನು ಸಿಕ್ಕಿಬೀಳದಿರಲಿ ಎಂದು ಹಾರೈಸುತ್ತಾರೆ, ಪುಸ್ತಕ ಮುಚ್ಚಿದ ಮೇಲೆ ತಾವು ಹಾರೈಸಿದ್ದೇನೆಂಬುದು ಅವರಿಗೆ ಹೊಳೆಯುತ್ತದೆ. ಹಿಚ್‌ಕಾಕ್ 1940ರಲ್ಲಿ ಇದನ್ನು ಚಿತ್ರವಾಗಿಸಿದಾಗ, ಕೊಲೆಗಾರ ಶಿಕ್ಷೆಯಿಲ್ಲದೆ ಪಾರಾಗಕೂಡದೆಂಬ ಹಾಲಿವುಡ್ಡಿನ ಅಂದಿನ ನೀತಿಸಂಹಿತೆಗೆ ಮಣಿದು, ಜಗಳದ ನಡುವೆ ರೆಬೆಕಾ ಬಿದ್ದು ತಲೆಗೆ ಪೆಟ್ಟಾಗಿ ಸತ್ತಳೆಂದು ಬದಲಾಯಿಸಲಾಯಿತು. ಸಂಹಿತೆಯವರು ಪ್ರೇಕ್ಷಕರ ನೀತಿಯನ್ನು ಕಾಪಾಡಲು ಹೊರಟು, ಕಥೆಯಲ್ಲಿದ್ದ ನೈತಿಕ ಪ್ರಶ್ನೆಯನ್ನೇ ಕಿತ್ತುಹಾಕಿದರು. ಆಕಸ್ಮಿಕದಿಂದ ಹೆಂಡತಿಯನ್ನು ಕಳೆದುಕೊಂಡವನನ್ನು ಪ್ರೀತಿಸುವುದರಲ್ಲಿ ಕೇಳಿಕೊಳ್ಳಬೇಕಾದ್ದು ಏನೂ ಇಲ್ಲ.

ಪ್ರಣಯ ಕಾದಂಬರಿಗಳ ಓದುಗರನ್ನು ನೇರವಾಗಿ ಮಾತನಾಡಿಸಿ ತಿಳಿದುಕೊಂಡ ಮುಖ್ಯ ಅಧ್ಯಯನ ಅಮೆರಿಕದ ವಿದ್ವಾಂಸೆ ಜಾನಿಸ್ ರ‍್ಯಾಡ್‌ವೇ ಅವರದು. ‘ರೀಡಿಂಗ್ ದಿ ರೋಮ್ಯಾನ್ಸ್’ ಎಂಬ ಅವರ ಗ್ರಂಥ 1984ರಲ್ಲಿ ಪ್ರಕಟವಾಯಿತು. ಅದಕ್ಕೆ ಹನ್ನೆರಡು ವರ್ಷ ಮೊದಲು, 1972ರಲ್ಲಿ, ಕ್ಯಾಥ್ಲೀನ್ ವುಡಿವಿಸ್ ಅವರ ‘ದಿ ಫ್ಲೇಮ್ ಅಂಡ್ ದಿ ಫ್ಲವರ್’ ಬಂದಿತ್ತು. ನಾಯಕನು ನಾಯಕಿಯನ್ನು ವೇಶ್ಯೆಯೆಂದು ತಪ್ಪುತಿಳಿದು ಬಲಾತ್ಕಾರ ಮಾಡುವುದರಿಂದ ಆರಂಭವಾಗಿ ಮದುವೆ ಪ್ರೀತಿಗಳಲ್ಲಿ ಮುಗಿಯುವ ಆ ಕಾದಂಬರಿ ಭಾರಿ ಯಶಸ್ಸು ಕಂಡು, ಅದೇ ಜಾಡಿನ ಅನೇಕ ಕೃತಿಗಳಿಗೆ ದಾರಿಮಾಡಿತ್ತು. ಸಭ್ಯಳೆನಿಸಿದ ಹೆಣ್ಣು ತನ್ನ ಬಯಕೆಯನ್ನು ತಾನೇ ಹೇಳಿಕೊಳ್ಳುವುದು ನಾಚಿಕೆಗೇಡೆನಿಸಿದ್ದ ಕಾಲದಲ್ಲಿ, ಹೊಣೆಯನ್ನೆಲ್ಲ ಗಂಡಿನ ಮೇಲೆ ಹಾಕಿ ಬಯಕೆಯನ್ನು ಮಾತ್ರ ಓದುಗಳಿಗೆ ಉಳಿಸಿಕೊಡುವ ತಂತ್ರ ಅದಾಗಿತ್ತೆಂದು ಕೆಲವು ವಿಮರ್ಶಕರು ವಿವರಿಸುತ್ತಾರೆ. ರ‍್ಯಾಡ್‌ವೇ ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಊರಿನಲ್ಲಿ, ಪುಸ್ತಕದಂಗಡಿಯೊಂದರ ಬಲ್ಲವಳಾದ ಮಾರಾಟಗಾರ್ತಿಯ ಸಲಹೆಯಂತೆ ಪುಸ್ತಕ ಕೊಳ್ಳುತ್ತಿದ್ದ ಹೆಂಗಸರನ್ನು ಮಾತನಾಡಿಸಿದರು. ಅವರಲ್ಲಿ ಹೆಚ್ಚಿನವರು ಗಂಡ ಮಕ್ಕಳನ್ನು ನೋಡಿಕೊಳ್ಳುವ ಗೃಹಿಣಿಯರು. ಪುಸ್ತಕ ಹಿಡಿದು ಕುಳಿತ ಹೊತ್ತು ಮನೆಯವರ ಕರೆಗೆ ಓಗೊಡಬೇಕಿಲ್ಲದ ಹೊತ್ತು, ಎಲ್ಲರ ಆರೈಕೆ ಮಾಡುವ ತಮ್ಮನ್ನು ಯಾರೋ ಆರೈಕೆ ಮಾಡುತ್ತಾರೆಂಬ ಸುಖ ಕೊಡುವ ಹೊತ್ತು ಎಂಬುದು ಅವರ ಮಾತಿನ ಸಾರವಾಗಿತ್ತು.

ನಾಯಕನ ಒರಟುತನದ ವಿಷಯದಲ್ಲಿ ಆ ಓದುಗರು ತುಂಬ ಸೂಕ್ಷ್ಮವಾದ ಗೆರೆ ಎಳೆಯುತ್ತಿದ್ದರು. ತಪ್ಪುತಿಳಿವಳಿಕೆಯಿಂದ, ನೋವಿನಿಂದ, ಪ್ರೀತಿಗೆ ಹೆದರಿದ್ದರಿಂದ ಹುಟ್ಟಿದ ಒರಟುತನವೆಂದು ಅರ್ಥಮಾಡಿಕೊಳ್ಳಲು ಸಾಧ್ಯವಾದರೆ ಅದನ್ನು ಸಹಿಸುತ್ತಿದ್ದರು. ಹಿಂಸೆಗಾಗಿ ಹಿಂಸೆ ಮಾಡುವ ನಾಯಕನಿರುವ ಪುಸ್ತಕವನ್ನು ಕೆಟ್ಟ ಪುಸ್ತಕವೆಂದು ತಳ್ಳಿಹಾಕುತ್ತಿದ್ದರು. ಸುಖಾಂತ್ಯದ ಭರವಸೆ ಮೊದಲೇ ಇರುವುದರಿಂದ ಕಥೆಯ ಆರಂಭದ ಕ್ರೌರ್ಯವನ್ನು ಅಂತ್ಯದ ಬೆಳಕಿನಲ್ಲಿ ಓದುವುದು ಅವರಿಗೆ ಸಾಧ್ಯವಾಗುತ್ತಿತ್ತು. ರ‍್ಯಾಡ್‌ವೇ ಅವರಿಗೆ ಕಳವಳವಾದದ್ದೂ ಇಲ್ಲಿಯೇ: ಗಂಡಿನ ಒರಟುತನವೆಲ್ಲ ಮುಸುಕುಹಾಕಿದ ಪ್ರೀತಿಯೆಂದು ಓದುವ ಅಭ್ಯಾಸ, ಮನೆಯಲ್ಲಿರುವ ನಿಜವಾದ ಒರಟುತನದೊಂದಿಗೆ ಹೊಂದಿಕೊಂಡು ಹೋಗಲು ಹೆಣ್ಣಿಗೆ ನೆರವಾಗಬಹುದಲ್ಲವೇ ಎಂದು ಅವರು ಶಂಕಿಸಿದರು. ಇದಕ್ಕೆ ಪ್ರತಿಯೆಂಬಂತೆ ಪ್ರಣಯ ಕಾದಂಬರಿಕಾರ್ತಿಯರೇ ಬರೆದ ಪ್ರಬಂಧಗಳ ಸಂಕಲನವೊಂದು ಜೇನ್ ಆನ್ ಕ್ರೆಂಟ್ಜ್ ಅವರ ಸಂಪಾದಕತ್ವದಲ್ಲಿ 1992ರಲ್ಲಿ ಬಂದಿತು. ಪ್ರಣಯ ಕಾದಂಬರಿಯಲ್ಲಿ ನಾಯಕನೇ ಖಳನಾಯಕನೂ ಆಗಿರಬೇಕಾಗುತ್ತದೆ, ನಾಯಕಿ ಗೆಲ್ಲಬೇಕಾದ ಸವಾಲು ಅವನೇ ಆಗಿರುತ್ತಾನೆ, ಬಲಶಾಲಿಯೂ ಅಪಾಯಕಾರಿಯೂ ಆದವನನ್ನು ಮಣಿಸಿದ ಗೆಲುವು ಹೆಣ್ಣಿನ ಗೆಲುವೇ ಎಂಬುದು ಅದರ ಮುಖ್ಯ ವಾದ. ಎರಡೂ ಮಾತಿನಲ್ಲಿ ಸತ್ಯವಿದೆ. ಕಾದಂಬರಿಕಾರ್ತಿಯರ ವಾದ ಓದಿನ ಹೊತ್ತಿನ ಸುಖವನ್ನು ಸರಿಯಾಗಿ ಹಿಡಿಯುತ್ತದೆ, ರ‍್ಯಾಡ್‌ವೇ ಅವರ ಶಂಕೆ ಪುಸ್ತಕ ಮುಚ್ಚಿದ ಮೇಲಿನ ಹೊತ್ತಿಗೆ ಸಂಬಂಧಿಸಿದ್ದು.

ಭಯವು ಸುಖದೊಂದಿಗೆ ಹೇಗೆ ಕೂಡುತ್ತದೆ ಎಂಬ ಪ್ರಶ್ನೆಗೆ ಮನೋವಿಜ್ಞಾನವೂ ಒಂದಿಷ್ಟು ಉತ್ತರ ಕೊಡುತ್ತದೆ. ಖಾರವಾದ ಮೆಣಸಿನಕಾಯಿಯನ್ನು ಜನ ಕಣ್ಣೀರು ಸುರಿಸುತ್ತಲೇ ಇಷ್ಟಪಟ್ಟು ತಿನ್ನುವುದನ್ನು ಅಭ್ಯಾಸಮಾಡಿದ ಅಮೆರಿಕದ ವಿಜ್ಞಾನಿ ಪಾಲ್ ರೋಜಿನ್, ದೇಹ ಅಪಾಯವೆಂದು ಕೂಗುತ್ತಿರುವಾಗ ಅಪಾಯವಿಲ್ಲವೆಂದು ಮನಸ್ಸಿಗೆ ಗೊತ್ತಿರುವುದೇ ಆ ಸುಖದ ಮೂಲವೆಂದು ವಿವರಿಸಿ, ದುಃಖದ ಹಾಡು, ಭಯಾನಕ ಚಿತ್ರ, ಎದೆ ನಡುಗಿಸುವ ಆಟಗಳ ಸವಿಯನ್ನೂ ಅದೇ ಗುಂಪಿಗೆ ಸೇರಿಸಿದರು. ಡಟನ್ ಮತ್ತು ಏರನ್ ಎಂಬ ಸಂಶೋಧಕರು ಕೆನಡಾದ ವ್ಯಾಂಕೂವರ್ ಬಳಿಯ ತೂಗುಸೇತುವೆಯ ಮೇಲೆ ನಡೆಸಿ 1974ರಲ್ಲಿ ಪ್ರಕಟಿಸಿದ ಪ್ರಯೋಗವನ್ನೂ ಈ ಸಂದರ್ಭದಲ್ಲಿ ಉದಾಹರಿಸುವುದುಂಟು. ಭಯದಿಂದ ಎದೆ ಬಡಿದುಕೊಳ್ಳುತ್ತಿರುವಾಗ ಎದುರಾದ ವ್ಯಕ್ತಿ ಹೆಚ್ಚು ಆಕರ್ಷಕವಾಗಿ ಕಾಣಬಹುದೆಂಬುದು ಅದರ ಫಲಿತಾಂಶ. ಆ ಪ್ರಯೋಗದಲ್ಲಿ ಸೇತುವೆ ದಾಟಿದವರು ಗಂಡಸರು ಎಂಬುದನ್ನು ಮಾತ್ರ, ಹೆಣ್ಣಿನ ಸ್ವಭಾವದ ಬಗ್ಗೆ ತೀರ್ಪು ಕೊಡುವವರು ನೆನಪಿಡುವುದು ಒಳ್ಳೆಯದು.

ಇವೆಲ್ಲಕ್ಕಿಂತ ಹರಿತವಾದ ಸಾಧನವೊಂದು ಭಾರತೀಯ ಕಾವ್ಯಮೀಮಾಂಸೆಯಲ್ಲಿಯೇ ಇದೆ. ಕಾವ್ಯದಲ್ಲಿ ಬರುವ ಭಾವವು ಇಂಥವನದು, ತನ್ನದು ಎಂಬ ಅಂಟನ್ನು ಕಳಚಿಕೊಂಡು ಎಲ್ಲರಿಗೂ ಸವಿಯಲು ಸಿಗುವ ಸ್ಥಿತಿಯನ್ನು ಮೀಮಾಂಸಕರು ಸಾಧಾರಣೀಕರಣ ಎಂದರು. ಬದುಕಿನಲ್ಲಿ ಓಡಿಹೋಗಬೇಕೆನಿಸುವ ಭಯವನ್ನು ಕಾವ್ಯದಲ್ಲಿ ಕುಳಿತು ಆಸ್ವಾದಿಸಲು ಸಾಧ್ಯವಾಗುವುದು ಇದರಿಂದ. ಭಾವವು ಅನುಚಿತವಾದ ಕಡೆ ನೆಲೆಗೊಂಡಾಗ, ಅದು ರಸವಾಗದೆ ರಸದಂತೆ ತೋರುವ ರಸಾಭಾಸವಾಗುತ್ತದೆಂದೂ ಅವರು ಹೇಳಿದರು. ಸೀತೆಯ ಮೇಲಿನ ರಾವಣನ ಮೋಹ ಇದಕ್ಕೆ ಅಭಿನವಗುಪ್ತನು ಕೊಡುವ ಉದಾಹರಣೆ. ಅವನ ವಿವರಣೆಯ ಸೊಗಸು ಇರುವುದು ಕಾಲದ ವಿಷಯದಲ್ಲಿ: ರಾವಣನ ಮಾತುಗಳಲ್ಲಿ ತನ್ಮಯರಾಗಿರುವಾಗ ಅದು ಶೃಂಗಾರವೆಂದೇ ಸವಿಗೆ ಬರುತ್ತದೆ, ಹಿಂದುಮುಂದಿನ ವಿವೇಚನೆ ಮೂಡಿದ ಮೇಲಷ್ಟೇ ಅದು ಆಭಾಸವೆಂದು ತಿಳಿಯುತ್ತದೆ. ಸಹೃದಯನು ರಾವಣನ ಮಾತಿಗೆ ಒಂದು ಕ್ಷಣ ಮನಸೋತದ್ದನ್ನು ಅಭಿನವಗುಪ್ತ ದೋಷವೆಂದು ಹಳಿಯುವುದಿಲ್ಲ. ಬೂದುಬಣ್ಣದ ನಾಯಕನಿಗೆ ಮನಸೋಲುವ ಓದುಗಳನ್ನು ಅರ್ಥಮಾಡಿಕೊಳ್ಳಲು ಸಾವಿರ ವರ್ಷ ಹಿಂದಿನ ಈ ಮಾತಿಗಿಂತ ಉದಾರವೂ ಖಚಿತವೂ ಆದ ವಿವರಣೆ ಬೇಕಿಲ್ಲ.

ಕ್ರೂರಿಯಾದ ಗಂಡಿಗೆ ಹೆಣ್ಣು ಒಲಿಯುವ ವಸ್ತು ಕನ್ನಡಕ್ಕೂ ಹೊಸದಲ್ಲ. ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿಯು ನಡುರಾತ್ರಿಯ ಹಾಡಿಗೆ ಮರುಳಾಗಿ ವಿಕಾರರೂಪಿಯಾದ ಮಾವುತನನ್ನು ಹುಡುಕಿಕೊಂಡು ಹೋಗುತ್ತಾಳೆ, ತಡವಾಗಿ ಬಂದಳೆಂದು ಅವನು ಹೊಡೆದರೂ ಬೇಡಿಕೊಳ್ಳುವವಳು ಅವಳೇ. ಆದರೆ ಆ ಹೊಡೆತವನ್ನು ಓದುಗರಿಗೆ ಕಾಣಿಸುವುದು ಮರೆಯಲ್ಲಿ ಕತ್ತಿ ಹಿಡಿದು ನಿಂತ ಗಂಡನ ಕಣ್ಣು, ಜೈನಧರ್ಮದ ಬೋಧನೆಗೆ ಮುಡಿಪಾದ ಕಾವ್ಯದ ತೀರ್ಪು ಪೂರ್ತಿ ಅವಳ ವಿರುದ್ಧ. ಅದೇ ಕಥೆಯನ್ನು ಎತ್ತಿಕೊಂಡು ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ ಆ ತೀರ್ಪನ್ನು ಸಡಿಲಿಸಿದರು. ಇಂದು ಪ್ರತಿಲಿಪಿಯಂಥ ವೇದಿಕೆಗಳಲ್ಲಿ ಕಂತುಕಂತಾಗಿ ಬರುವ ಕನ್ನಡ ಧಾರಾವಾಹಿಗಳ ಓದುಗರಿಗೆ, ಸಿಡುಕಿನ ಸಿರಿವಂತ ನಾಯಕ ಮತ್ತು ಒಪ್ಪಿಗೆಯಿಲ್ಲದೆ ಆರಂಭವಾಗುವ ಮದುವೆಯ ಕಥೆಗಳು ಅಪರಿಚಿತವಲ್ಲ. ಇಂಗ್ಲಿಷ್ ಕಾದಂಬರಿಯಲ್ಲಿ ಅಪಹರಣ ಮಾಡುವ ಕೆಲಸವನ್ನು ಇಲ್ಲಿ ಎಷ್ಟೋ ಸಲ ತಾಳಿಯೇ ಮಾಡುತ್ತದೆ. ಇಷ್ಟವಿಲ್ಲದ ಗಂಡಿನ ಮನೆಯಲ್ಲಿ ಹೆಣ್ಣನ್ನು ತಂದು ನಿಲ್ಲಿಸಲು ಕಥೆಗಾರರು ಅಪರಾಧವನ್ನು ಕಲ್ಪಿಸಿಕೊಳ್ಳಬೇಕಾದ ಅಗತ್ಯವೇ ಬೀಳುವುದಿಲ್ಲ. ಭಾರತದ ಓದುಗಳಿಗೆ ಈ ಪ್ರಕಾರ ಕೇವಲ ಪರದೇಶದ ಕಲ್ಪನಾವಿಲಾಸವಾಗಿ ಕಾಣುವುದಿಲ್ಲವೆಂಬುದನ್ನು, ಅದು ಕೊಡುವ ಸಮಾಧಾನಕ್ಕೂ ಇಲ್ಲಿನ ಮನೆಗಳಿಗೂ ಹತ್ತಿರದ ನಂಟಿದೆಯೆಂಬುದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಾಗುತ್ತದೆ.

ಹಾಗಾದರೆ ಈ ಪ್ರಕಾರದಲ್ಲಿ ಒಳ್ಳೆಯ ಕೃತಿ ಯಾವುದು, ಕೆಟ್ಟದ್ದು ಯಾವುದು ಎಂಬುದನ್ನು ನಾಯಕ ಎಷ್ಟು ಕರಾಳನೆಂಬುದರಿಂದ ಅಳೆಯಲಾಗದು. ಅಳೆಯಬೇಕಾದ್ದು ಕೃತಿಯು ಅವನ ತಪ್ಪಿನ ಲೆಕ್ಕವನ್ನು ಏನು ಮಾಡುತ್ತದೆ ಎಂಬುದನ್ನು. ಲೆಕ್ಕ ಅಳಿಸಿಹಾಕುವ ಉಪಾಯಗಳು ಈಗ ಎಲ್ಲರಿಗೂ ಕೈವಶವಾಗಿವೆ. ನಾಯಕನಿಗಿಂತ ನೂರುಪಟ್ಟು ಕೆಟ್ಟವನೊಬ್ಬನನ್ನು, ಉದಾಹರಣೆಗೆ ಮಕ್ಕಳನ್ನು ಮಾರುವವನನ್ನು, ಪಕ್ಕದಲ್ಲಿ ನಿಲ್ಲಿಸಿದರೆ ಬೂದು ತಾನಾಗಿ ಬಿಳುಪಾಗಿ ಕಾಣುತ್ತದೆ. ಬಾಲ್ಯದಲ್ಲಿ ಅವನು ಅನುಭವಿಸಿದ ಹಿಂಸೆಯನ್ನು ಒಂದು ಅಧ್ಯಾಯದಲ್ಲಿ ಹೇಳಿಬಿಟ್ಟರೆ ಅವನ ಮುಂದಿನ ತಪ್ಪಿಗೆಲ್ಲ ಮುಂಗಡ ಕ್ಷಮೆ ಸಿಗುತ್ತದೆ. ನಾಯಕಿ ಬೇಡವೆಂದದ್ದನ್ನು ಅವಳಿಗೆ ಒಳಗೊಳಗೆ ಬೇಕೇ ಆಗಿತ್ತೆಂದು ಅವಳ ಬಾಯಿಂದಲೇ ಹೇಳಿಸಿದರೆ ತಪ್ಪೇ ಇಲ್ಲದಂತಾಗುತ್ತದೆ. ಮೂರನೆಯದು ಇವುಗಳಲ್ಲಿ ಅತ್ಯಂತ ಅಪ್ರಾಮಾಣಿಕವಾದುದು. ಮೊದಲೆರಡು ನಾಯಕನನ್ನು ರಕ್ಷಿಸಿ ಸುಮ್ಮನಾದರೆ ಇದು ನಾಯಕಿಯ ಮಾತಿನ ಬೆಲೆಯನ್ನೇ ತೆಗೆದುಹಾಕುತ್ತದೆ, ಬೇಡವೆಂಬ ಮಾತಿಗೆ ಬೆಲೆಯಿಲ್ಲದ ಕಥೆಯಲ್ಲಿ ಅವಳು ಕೊನೆಗೆ ಹೇಳುವ ಒಪ್ಪಿಗೆಗೂ ಬೆಲೆ ಉಳಿಯುವುದಿಲ್ಲ. ಪುಸ್ತಕದ ಮೊದಲ ಪುಟದ ಎಚ್ಚರಿಕೆ ಓದುಗಳ ಆಯ್ಕೆಯನ್ನು ಗೌರವಿಸುತ್ತದೆ, ಅದು ಒಳ್ಳೆಯ ಪದ್ಧತಿ. ವಯಸ್ಕರಿಗಾಗಿ ಬರೆದದ್ದು ಹದಿಹರೆಯದವರ ಕೈಗೆ ಅದೇ ಮುದ್ದಾದ ಹೊದಿಕೆಯಲ್ಲಿ ಸಿಗುತ್ತಿರುವಾಗ ಅದು ಅಗತ್ಯವೂ ಹೌದು. ಆದರೆ ಒಳಗಿನ ಮುನ್ನೂರು ಪುಟಗಳು ಮಾಡಬೇಕಾದ ಕೆಲಸವನ್ನು ಮೊದಲ ಪುಟ ಮಾಡಲಾರದು.

ಲೆಕ್ಕವನ್ನು ಅಳಿಸದ ಕಾದಂಬರಿ ‘ಜೇನ್ ಏರ್’ ಪ್ರಕಟವಾದ ವರ್ಷವೇ ಅದೇ ಮನೆಯಿಂದ ಬಂದಿತ್ತು. ಷಾರ್ಲಟ್‌ಳ ತಂಗಿ ಎಮಿಲಿ ಬ್ರಾಂಟೆಯ ‘ವದರಿಂಗ್ ಹೈಟ್ಸ್’ನ ಹೀತ್‌ಕ್ಲಿಫ್ ಇಂದಿಗೂ ಕರಾಳ ನಾಯಕರ ಪಟ್ಟಿಯಲ್ಲಿ ಮೊದಲಿಗನಾಗಿ ನಿಲ್ಲುತ್ತಾನೆ, ಅಂಥವನನ್ನು ಸೃಷ್ಟಿಸುವುದು ಸರಿಯೇ ಎಂಬ ಅನುಮಾನವನ್ನು ಸ್ವತಃ ಷಾರ್ಲಟ್ 1850ರ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ ವ್ಯಕ್ತಪಡಿಸಿದಳು. ಅವನು ಕ್ಯಾಥರೀನಳನ್ನು ಹುಚ್ಚನಂತೆ ಪ್ರೀತಿಸಿದ್ದು ಎಲ್ಲರ ನೆನಪಿನಲ್ಲಿ ಉಳಿದಿದೆ, ಅವನು ಸೇಡಿಗಾಗಿ ಮದುವೆಯಾದ ಇಸಬೆಲ್ಲಾ ಹಾಗೆ ಉಳಿದಿಲ್ಲ. ಇಸಬೆಲ್ಲಾ ಅವನನ್ನು ಪ್ರಣಯ ಕಥೆಯ ನಾಯಕನೆಂದೇ ತಿಳಿದು ಮನೆಬಿಟ್ಟು ಅವನೊಡನೆ ಓಡಿಹೋಗುತ್ತಾಳೆ. ಹೊರಡುವ ಹೊತ್ತಿನಲ್ಲಿ ಅವನು ಮಾಡುವ ಮೊದಲ ಕೆಲಸ ಅವಳ ಪುಟ್ಟ ನಾಯಿಯನ್ನು ನೇಣುಹಾಕುವುದು. ಅವಳು ಅದಕ್ಕಾಗಿ ಅಂಗಲಾಚಿದಾಗ, ಅವಳಿಗೆ ಸೇರಿದ ಒಂದು ಜೀವವನ್ನುಳಿದು ಮಿಕ್ಕ ಎಲ್ಲವನ್ನೂ ನೇಣುಹಾಕುವ ಅವಕಾಶ ಸಿಕ್ಕಿದ್ದರೆ ಚೆನ್ನಾಗಿತ್ತು ಎಂಬರ್ಥದ ಮಾತನ್ನು ಆಡಿದೆನೆಂದೂ, ಆ ಒಂದು ಜೀವ ತಾನೇ ಎಂದು ಅವಳು ಎಣಿಸಿಕೊಂಡಿರಬಹುದೆಂದೂ ಅವನೇ ಮುಂದೆ ತಿರಸ್ಕಾರದಿಂದ ಹೇಳುತ್ತಾನೆ. ಅವನ ವಿನಾಯಿತಿ ಇದ್ದದ್ದು ಅವಳ ಅತ್ತಿಗೆಯಾಗಿದ್ದ ಕ್ಯಾಥರೀನಳಿಗೆ. ಕಣ್ಣೆದುರಿಗೆ ನಡೆದ ಕ್ರೌರ್ಯವನ್ನು ಕಂಡೂ ಅದು ತನಗೆ ಅನ್ವಯಿಸದೆಂದು ನಂಬುವಂತೆ ಅವಳನ್ನು ಸಿದ್ಧಪಡಿಸಿದ್ದು ಅವಳ ಮನಸ್ಸಿನಲ್ಲಿದ್ದ ಕಥೆಗಳು.

ಎಮಿಲಿ ಬ್ರಾಂಟೆ ಅಲ್ಲಿಗೆ ಇಸಬೆಲ್ಲಾಳನ್ನು ಕೈಬಿಡುವುದಿಲ್ಲ. ಮದುವೆಯ ಕೆಲವು ವಾರಗಳಲ್ಲೇ ಅವಳು ತವರಿನ ದಾದಿಗೆ ಬರೆಯುವ ಕಾಗದಕ್ಕೆ, ತಾನು ಕಟ್ಟಿಕೊಂಡದ್ದು ಮನುಷ್ಯನನ್ನೋ ಪಿಶಾಚಿಯನ್ನೋ ಎಂದು ಕೇಳುವ ಆ ಕಾಗದಕ್ಕೆ, ಹೆಚ್ಚುಕಡಿಮೆ ಒಂದು ಇಡೀ ಅಧ್ಯಾಯವನ್ನು ಬಿಟ್ಟುಕೊಡುತ್ತಾಳೆ. ಹಿಮ ಬೀಳುತ್ತಿರುವಾಗ ಅವಳು ತಪ್ಪಿಸಿಕೊಂಡು ಬಂದು, ಮದುವೆಯುಂಗುರವನ್ನು ಜಜ್ಜಿ ಉರಿಗೆ ಎಸೆದು, ಲಂಡನ್ನಿನ ಸಮೀಪಕ್ಕೆ ಹೋಗಿ ಮಗನನ್ನು ಹೆತ್ತು ತಾನೇ ಸಾಕುತ್ತಾಳೆ. ಹೀತ್‌ಕ್ಲಿಫ್ ಎಂಬ ಪಾತ್ರದ ಆಕರ್ಷಣೆ ಇದರಿಂದ ಒಂದಿಷ್ಟೂ ಕುಂದಲಿಲ್ಲವೆಂಬುದಕ್ಕೆ ಸುಮಾರು 180 ವರ್ಷಗಳ ಓದು ಸಾಕ್ಷಿಯಾಗಿದೆ. ಇಂದು ಕರಾಳ ಪ್ರಣಯ ಕಾದಂಬರಿ ಬರೆಯುವವರಲ್ಲಿ ಹೆಚ್ಚಿನವರು ಕ್ಯಾಥರೀನಳ ಜಾಗದಲ್ಲಿ ತಮ್ಮ ನಾಯಕಿಯನ್ನು ಕೂರಿಸಿ ಇಸಬೆಲ್ಲಾಳನ್ನು ಕಥೆಯಿಂದಲೇ ಹೊರಗಿಡುತ್ತಾರೆ, ಅವಳಿದ್ದರೆ ಪ್ರೇಮಕಥೆ ಕೆಡುತ್ತದೆಂಬ ಅಂಜಿಕೆ ಅವರದು. ವಿನಾಯಿತಿ ಸಿಗದ ಹೆಣ್ಣಿಗೂ ಕಾಗದ ಬರೆಯಲು ಒಂದು ಅಧ್ಯಾಯವನ್ನು ಬಿಟ್ಟುಕೊಡುವ ಧೈರ್ಯ ಈ ಪ್ರಕಾರಕ್ಕೆ ಬಂದರೆ, ಅದರ ನಾಯಕನ ಬಣ್ಣ ನಿಜವಾಗಿಯೂ ಬೂದಾಗಿರುತ್ತದೆ.